ಸ್ಪ್ರೇ ಬಾಟಲಿಯ ಮೂತಿಯೊಳಗೊಂದು ಸುಳಿ

ಕೈಯಲ್ಲಿ ಒತ್ತಿ ಕೆಲಸ ಮಾಡಿಸುವ ಯಾವುದಾದರೂ ಸಣ್ಣ ಸಾಧನದ ಬಗ್ಗೆ ಕೇಳಿ ಎಂದು ಹೋದ ಸಂಚಿಕೆಯಲ್ಲಿ ಬರೆದಿದ್ದೆ. ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಸ್ಪ್ರೇ ಬಾಟಲಿಯ ಬಗ್ಗೆಯೇ ಇದ್ದವು. ನನಗೆ ನಿಜಕ್ಕೂ ಖುಷಿಯಾಯಿತು. ಪ್ಲಾಸ್ಟಿಕ್ ಭಾಗಗಳಿಗೆ ಉಕ್ಕಿನ ಅಚ್ಚು ಮಾಡುವ ಕೆಲಸದಲ್ಲಿ 22 ವರ್ಷ ಇದ್ದವಳು ನಾನು. ಅದರಲ್ಲಿ 9 ವರ್ಷ ಬರೀ ಸ್ಪ್ರೇ ಪಂಪ್‌ಗಳ ಅಚ್ಚು. ಈಗಲೂ ಖಾಲಿ ಬಾಟಲಿ ಕೈಗೆ ಸಿಕ್ಕರೆ ಮೂತಿ ಬಿಚ್ಚಿ ನೋಡದೆ ಎಸೆಯುವುದಿಲ್ಲ. ಇದನ್ನು ಬರೆಯುವಾಗಲೂ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಗರಗಸದಿಂದ ಉದ್ದಕ್ಕೆ ಸೀಳಿದ ಒಂದು ಟ್ರಿಗರ್ ಪಂಪ್ (ಬಂದೂಕಿನ ಕುದುರೆಯ ಹಾಗೆ ಬೆರಳಲ್ಲಿ ಎಳೆದು ಒತ್ತುವಂಥದ್ದು) ಇಟ್ಟುಕೊಂಡಿದ್ದೇನೆ. ಪಕ್ಕದಲ್ಲಿ ಇನ್ನೊಂದನ್ನು ಪೂರ್ತಿ ಬಿಚ್ಚಿ ಹರಡಿದ್ದೇನೆ. ಎಣಿಸಿದರೆ 11 ಭಾಗ.

ಪ್ರಶ್ನೆ: ಬೆರಳಲ್ಲಿ ಒತ್ತಿದರೆ ನೀರು ಮಂಜಿನ ಹಾಗೆ ಬರುತ್ತದೆ. ಮೂತಿಯ ತೂತು ಅಷ್ಟೊಂದು ಸಣ್ಣದಿರುತ್ತದಾ? (ವಿಜ್ಞಾನ ಶಿಕ್ಷಕಿಯೊಬ್ಬರು)

ತೂತು ಸಣ್ಣದೇ. ಆದರೆ ಮಂಜು ಬರುವುದು ತೂತು ಸಣ್ಣದಾಗಿರುವುದರಿಂದ ಅಲ್ಲ. ಸೆಂಟ್ ಬಾಟಲಿಯ ತೂತು ಸುಮಾರು 0.3 ಮಿಲಿಮೀಟರ್ ಇರುತ್ತದೆ. ಟ್ರಿಗರ್ ಬಾಟಲಿಯದ್ದು ಅರ್ಧ ಮಿಲಿಮೀಟರ್ ಆಸುಪಾಸು. ಹೊರಗೆ ಬರುವ ಹನಿ ಅದರ ಐದನೇ ಒಂದು ಭಾಗದಷ್ಟೇ ಇರುತ್ತದೆ. ದೊಡ್ಡ ಬಾಗಿಲಿನಿಂದ ಇಷ್ಟು ಚಿಕ್ಕ ಹನಿ ಹೇಗೆ ಬಂತು ಅನ್ನುವುದೇ ಇಲ್ಲಿನ ಸೊಗಸು.

ಮೊದಲು ಬರೀ ತೂತಿದ್ದರೆ ಏನಾಗುತ್ತದೆ ನೋಡೋಣ. ನಲ್ಲಿಯನ್ನು ಸಣ್ಣಗೆ ಬಿಡಿ. ಮೇಲೆ ಗಾಜಿನ ಕಡ್ಡಿಯ ಹಾಗೆ ನಿಂತ ಧಾರೆ ಕೆಳಗೆ ಹೋಗುತ್ತಾ ಹನಿಹನಿಯಾಗಿ ತುಂಡಾಗುತ್ತದೆ. ನೀರಿನ ಮೇಲ್ಮೈ ಎಳೆದು ಕಟ್ಟಿದ ರಬ್ಬರಿನ ಹಾಗೆ. ಯಾವಾಗಲೂ ಕುಗ್ಗಲು ನೋಡುತ್ತದೆ. ಉದ್ದನೆಯ ಧಾರೆಗಿಂತ ಗುಂಡನೆಯ ಹನಿಗಳ ಮೇಲ್ಮೈ ಒಟ್ಟಿನಲ್ಲಿ ಕಡಿಮೆ, ಅದಕ್ಕೇ ಧಾರೆ ತುಂಡಾಗುತ್ತದೆ. 1870ರ ದಶಕದಲ್ಲಿ ಬೆಲ್ಜಿಯಂನ ಜೋಸೆಫ್ ಪ್ಲಾಟೋ ಮತ್ತು ಇಂಗ್ಲೆಂಡಿನ ಲಾರ್ಡ್ ರೇಲಿ ಇದರ ಲೆಕ್ಕ ಬಿಡಿಸಿದರು. ರೇಲಿಯವರ ಲೆಕ್ಕದಂತೆ ಹನಿಯ ಅಡ್ಡಳತೆ ಧಾರೆಯ ಅಡ್ಡಳತೆಯ ಸುಮಾರು 1.9 ಪಟ್ಟು. ಅಂದರೆ ಅರ್ಧ ಮಿಲಿಮೀಟರ್ ತೂತಿನಿಂದ ಹೆಚ್ಚುಕಡಿಮೆ 1 ಮಿಲಿಮೀಟರ್ ಹನಿ. ಅದು ಮಂಜಲ್ಲ, ಪಿಚಕಾರಿ.

0.1 ಮಿಲಿಮೀಟರ್ ಹನಿ ಬೇಕಾದರೆ ಈ ದಾರಿಯಲ್ಲಿ 0.05 ಮಿಲಿಮೀಟರ್ ತೂತು ಬೇಕು. ಒಂದು ಧೂಳಿನ ಕಣ ಬಂದು ಕೂತರೆ ಮುಗಿಯಿತು. ಜೊತೆಗೆ ತೂತಿನ ವಿಸ್ತೀರ್ಣ ನೂರರಲ್ಲಿ ಒಂದು ಭಾಗ ಆಗುತ್ತದೆ. ಅಷ್ಟೇ ನೀರು ಹೊರಹಾಕಲು ನೂರು ಪಟ್ಟು ಹೊತ್ತು ಒತ್ತುತ್ತಾ ಕೂರಬೇಕು.

ಹಾಗಾಗಿ ಇಲ್ಲಿ ಬೇರೆಯೇ ಉಪಾಯ ಮಾಡಿದ್ದಾರೆ. ಮೂತಿಯ ತುದಿಯಲ್ಲಿ ಬಟನ್ ತರಹದ ಒಂದು ಪುಟ್ಟ ಬಿಲ್ಲೆ ಇರುತ್ತದೆ. ಅದನ್ನು ಕಿತ್ತು ತಿರುಗಿಸಿ, ಭೂತಗನ್ನಡಿ ಹಿಡಿದು ನೋಡಿ. ನಡುವೆ ಒಂದು ಗುಂಡನೆಯ ಕುಳಿ, ಅದರ ಮಧ್ಯದಲ್ಲಿ ತೂತು. ಆ ಕುಳಿಗೆ ಎರಡೋ ಮೂರೋ ಗೀರುಗಳು ಬಂದು ಸೇರುತ್ತವೆ. ಗೀರುಗಳು ನಡುವಿಗೆ ನೇರವಾಗಿ ಬರುವುದಿಲ್ಲ, ಕುಳಿಯ ಅಂಚನ್ನು ಸವರಿಕೊಂಡು ಓರೆಯಾಗಿ ಬರುತ್ತವೆ. ಆದ್ದರಿಂದ ನೀರು ಒಳಗೆ ಬಂದ ಕೂಡಲೇ ಗಿರಗಿರ ಸುತ್ತಲು ಶುರು ಮಾಡುತ್ತದೆ. ತೊಟ್ಟಿಯ ನೀರು ಬಿಟ್ಟಾಗ ಕಂಡಿಯ ಬಳಿ ಸುಳಿ ಏಳುತ್ತದಲ್ಲ, ಅದೇ. ನಡುವಿಗೆ ಹತ್ತಿರ ಬಂದಷ್ಟೂ ಸುತ್ತುವ ವೇಗ ಜಾಸ್ತಿ. ಕೊನೆಗೆ ಸುಳಿಯ ನಟ್ಟನಡುವೆ ಗಾಳಿಯ ಒಂದು ಕಂಬ ನಿಲ್ಲುತ್ತದೆ. ತೂತು ಪೂರ್ತಿ ನೀರಿನಿಂದ ತುಂಬುವುದೇ ಇಲ್ಲ. ಅಂಚಿಗೆ ಅಂಟಿಕೊಂಡ ತೆಳುವಾದ ಪೊರೆಯಾಗಿ ನೀರು ಹೊರಗೆ ಬರುತ್ತದೆ.

ಹೊರಗೆ ಬಂದ ಪೊರೆ ಕೊಡೆಯ ಹಾಗೆ ಬಿಚ್ಚಿಕೊಳ್ಳುತ್ತದೆ. ಅಗಲವಾದಷ್ಟೂ ತೆಳ್ಳಗಾಗುತ್ತದೆ. ಅಲ್ಲಲ್ಲಿ ಹರಿದು ಎಳೆಗಳಾಗುತ್ತದೆ. ಎಳೆಗಳು ರೇಲಿ ಹೇಳಿದ ಹಾಗೆ ಹನಿಗಳಾಗುತ್ತವೆ. ನಿಯಮ ಹಳೆಯದೇ, ಎಳೆ ಮಾತ್ರ ತೂತಿಗಿಂತ ಎಷ್ಟೋ ಸಪೂರ. ಇದೆಲ್ಲ ಮೂತಿಯಿಂದ ಕೆಲವೇ ಮಿಲಿಮೀಟರ್ ದೂರದಲ್ಲಿ, ಕಣ್ಣು ರೆಪ್ಪೆ ಬಡಿಯುವ ಮೊದಲೇ ಆಗಿಹೋಗುತ್ತದೆ. ನೀರಿನ ವೇಗವೂ ಕಡಿಮೆಯಲ್ಲ. ಪಂಪಿನೊಳಗೆ 3 ಬಾರ್ ಒತ್ತಡ (1 ಬಾರ್ ಅಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡದಷ್ಟು) ಇದ್ದರೆ, ಉಜ್ಜುವಿಕೆಯಲ್ಲಿ ಏನೂ ಕಳೆಯದಿದ್ದರೆ, ಸೆಕೆಂಡಿಗೆ 24.5 ಮೀಟರ್. ಗಂಟೆಗೆ 88 ಕಿಲೋಮೀಟರ್ ಆಯಿತು!

ಮಕ್ಕಳಿಗೆ ತೋರಿಸಬೇಕೆಂದರೆ ಒಂದು ದಾರಿ ಹೇಳುತ್ತೇನೆ. ಟ್ರಿಗರ್ ಬಾಟಲಿಯ ಮೂತಿಯನ್ನು ತಿರುಗಿಸಿದರೆ ಮಂಜು ಹೋಗಿ ಧಾರೆ ಬರುತ್ತದೆ. ತೂತು ಅದೇ, ಬೆರಳೂ ಅದೇ. ನೀರು ಓರೆ ಗೀರುಗಳ ಮೂಲಕ ಬರುವ ಬದಲು ಸೀದಾ ಬಂತು, ಅಷ್ಟೇ ವ್ಯತ್ಯಾಸ. ಎರಡನ್ನೂ ಒಂದರ ಹಿಂದೆ ಒಂದು ಮಾಡಿ ತೋರಿಸಿ. ತೂತಲ್ಲ, ಸುಳಿ ಅನ್ನುವುದು ಮಕ್ಕಳಿಗೆ ತಾನೇ ಗೊತ್ತಾಗುತ್ತದೆ.

ಪ್ರಶ್ನೆ: ಹೊಸ ಬಾಟಲಿ. ಆದರೂ ಸ್ಪ್ರೇ ಒಂದೇ ಕಡೆಗೆ ವಾಲುತ್ತದೆ. ನನ್ನ ಕೈಯ ತಪ್ಪಾ?

ಖಂಡಿತ ಅಲ್ಲ. ಆ ಪುಟ್ಟ ಬಿಲ್ಲೆಯ ತಪ್ಪು.

ನಾನು ಕೆಲಸದಲ್ಲಿದ್ದಾಗ ಹೀಗೇ ಒಂದು ಕಂತಿನ ಮಾಲು ವಾಪಸ್ ಬಂದಿತ್ತು. ಪಂಪ್ ಜೋಡಿಸುವವರು ಸ್ಪ್ರಿಂಗ್ ಸರಿಯಿಲ್ಲ ಎಂದರು. ಸ್ಪ್ರಿಂಗ್ ಕೊಟ್ಟವರು ಪಿಸ್ಟನ್ ಕಡೆ ಕೈ ತೋರಿಸಿದರು. ಮೂರು ದಿನ ಹೀಗೇ ಕಳೆಯಿತು. ನಾನು ನೀರಿಗೆ ನೀಲಿ ಶಾಯಿ ಬೆರೆಸಿ, ಒಂದು ಗೇಣು ದೂರದಲ್ಲಿ ಶಾಯಿ ಹೀರುವ ಕಾಗದ ಹಿಡಿದು ಒಂದೊಂದೇ ಒತ್ತು ಒತ್ತಿದೆ. ಸುಳಿ ಮೂತಿಯ ಸ್ಪ್ರೇ ನಡುವೆ ಟೊಳ್ಳು, ಆದ್ದರಿಂದ ಕಾಗದದ ಮೇಲೆ ಬಳೆಯಂತಹ ಗುರುತು ಬೀಳಬೇಕು. ಬಿದ್ದದ್ದು ಅರ್ಧಚಂದ್ರ. ಬಿಲ್ಲೆ ತೆಗೆದು ನೋಡಿದರೆ ಮೂರು ಗೀರುಗಳಲ್ಲಿ ಒಂದು ಮುಚ್ಚಿಹೋಗಿತ್ತು. ಬಿಲ್ಲೆಯಲ್ಲಿ ಗೀರು ಮೂಡಬೇಕಾದರೆ ಅಚ್ಚಿನಲ್ಲಿ ಏಣು ಇರಬೇಕು. ಕಾಲು ಮಿಲಿಮೀಟರಿಗಿಂತ ಸಪೂರ ಇದ್ದ ಆ ಉಕ್ಕಿನ ಏಣು ತುದಿಯಲ್ಲಿ ಮುರಿದಿತ್ತು. ಮುರಿದ ಜಾಗಕ್ಕೆಲ್ಲ ಪ್ಲಾಸ್ಟಿಕ್ ಹರಿದಿತ್ತು. ಅಚ್ಚಿಗೆ ಆ ಏಣಿರುವ ಹೊಸ ಪಿನ್ ಹಾಕಿದೆವು. ಬಳೆ ಮತ್ತೆ ದುಂಡಗಾಯಿತು. ಆ ಕಾಗದ ಇನ್ನೂ ನನ್ನ ಹತ್ತಿರ ಇದೆ.

ನೀವೂ ಈ ಕಾಗದದ ಪರೀಕ್ಷೆ ಮಾಡಿ ನೋಡಬಹುದು. ಹಳೆಯ ಬಾಟಲಿಯಲ್ಲಿ ಗುರುತು ವಾಲಿದರೆ ಕಸ ಸಿಕ್ಕಿರುವ ಸಾಧ್ಯತೆ ಜಾಸ್ತಿ, ತೊಳೆದರೆ ಸರಿಹೋಗಬಹುದು. ಹೊಸದರಲ್ಲೇ ವಾಲಿದರೆ ಬದಲಿಸಿಕೊಳ್ಳಿ.

ಪ್ರಶ್ನೆ: ಮೂತಿ ಕಟ್ಟಿಕೊಂಡರೆ ಸೂಜಿ ಚುಚ್ಚುತ್ತೇನೆ. ಒಂದೆರಡು ಸಲ ಸರಿಯಾಗುತ್ತದೆ, ಆಮೇಲೆ ಮಂಜು ಬರುವುದೇ ಇಲ್ಲ. ಯಾಕೆ?

ದಯವಿಟ್ಟು ಸೂಜಿ ಬೇಡ. 0.3 ಮಿಲಿಮೀಟರ್ ತೂತು ಸೂಜಿಯಿಂದ 0.4 ಆದರೆ ಕಣ್ಣಿಗೆ ಗೊತ್ತಾಗುವುದಿಲ್ಲ. ವಿಸ್ತೀರ್ಣ ಮಾತ್ರ ಮುಕ್ಕಾಲು ಪಾಲಿಗಿಂತ ಜಾಸ್ತಿ ಹಿಗ್ಗಿರುತ್ತದೆ. ಅದಕ್ಕಿಂತ ಕೆಟ್ಟದ್ದು ಅಂಚು ತರಚುವುದು. ಪೊರೆ ಆ ಅಂಚನ್ನು ಬಿಟ್ಟು ಹೊರಡುತ್ತದೆ. ಅಲ್ಲಿ ಒಂದು ಗಾಯವಿದ್ದರೆ ಪೊರೆ ಅಲ್ಲೇ ಸೀಳಿ ದಪ್ಪ ಹನಿ ಚೆಲ್ಲುತ್ತದೆ. ಇನ್ನೊಂದು ವಿಷಯ: ಎಷ್ಟೋ ಸಲ ಕಸ ಇರುವುದು ತೂತಿನಲ್ಲಲ್ಲ, ಹಿಂದಿನ ಗೀರುಗಳಲ್ಲಿ. ಸೂಜಿ ಅಲ್ಲಿಗೆ ತಲುಪುವುದೇ ಇಲ್ಲ.

ಗಡಸು ನೀರಿನ ಬಿಳಿ ಪೊರೆಯಾಗಿದ್ದರೆ, ಮೂತಿಯನ್ನು ಬಿಚ್ಚಿ ವಿನಿಗರ್ ಅಥವಾ ನಿಂಬೆಹುಳಿಯ ನೀರಿನಲ್ಲಿ ಒಂದು ಗಂಟೆ ನೆನೆಯಲು ಬಿಡಿ. ಸುಣ್ಣದ ಅಂಶ ಹುಳಿಯಲ್ಲಿ ಕರಗುತ್ತದೆ. ಆಮೇಲೆ ಬಾಟಲಿಗೆ ಬಿಸಿಯಲ್ಲದ, ಬೆಚ್ಚಗಿನ ನೀರು ತುಂಬಿ ಇಪ್ಪತ್ತು ಸಲ ಒತ್ತಿ. ಸಕ್ಕರೆ, ಗಂಜಿಯಂತಹ ಅಂಟಿಗೆ ಬೆಚ್ಚಗಿನ ನೀರೊಂದೇ ಸಾಕು. ಒಂದು ಎಚ್ಚರಿಕೆ: ಬಾಟಲಿಯಲ್ಲಿ ಬ್ಲೀಚ್ ಇದ್ದಿದ್ದರೆ ವಿನಿಗರ್ ಮುಟ್ಟಿಸಲೇಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಅದು ಶ್ವಾಸಕೋಶಕ್ಕೆ ತುಂಬಾ ಅಪಾಯ. ಅಂತಹ ಬಾಟಲಿಯನ್ನು ಬರೀ ನೀರಿನಲ್ಲಿ ತೊಳೆಯಿರಿ.

ಪ್ರಶ್ನೆ: ಹೊಸ ಬಾಟಲಿಯನ್ನು ಐದಾರು ಸಲ ಒತ್ತಿದ ಮೇಲೆಯೇ ಸ್ಪ್ರೇ ಬರುತ್ತದೆ. ಆ ಮೊದಲ ಒತ್ತುಗಳಲ್ಲಿ ಏನಾಗುತ್ತಿರುತ್ತದೆ?

ಪಂಪು ಗಾಳಿಯ ಜೊತೆ ಗುದ್ದಾಡುತ್ತಿರುತ್ತದೆ. ಪಂಪಿನಲ್ಲಿ ಒಂದು ಪಿಸ್ಟನ್, ಒಂದು ಸ್ಪ್ರಿಂಗ್, ಎರಡು ವಾಲ್ವ್ ಇರುತ್ತವೆ. ಕೆಳಗಿನ ವಾಲ್ವ್ ಹೆಚ್ಚಾಗಿ ಒಂದು ಪುಟ್ಟ ಗೋಲಿ. ಒತ್ತಿದಾಗ ಗೋಲಿ ಕೂತು ಕೆಳಗಿನ ದಾರಿ ಮುಚ್ಚುತ್ತದೆ, ಮೇಲಿನ ವಾಲ್ವ್ ತೆರೆಯುತ್ತದೆ. ಬಿಟ್ಟಾಗ ಸ್ಪ್ರಿಂಗ್ ಪಿಸ್ಟನ್ನನ್ನು ಹಿಂದಕ್ಕೆ ತಳ್ಳುತ್ತದೆ, ಗೋಲಿ ಎದ್ದು ಬಾಟಲಿಯ ದ್ರವ ಕೊಳವೆಯಲ್ಲಿ ಮೇಲಕ್ಕೆ ಬರುತ್ತದೆ.

ಹೊಸ ಪಂಪಿನಲ್ಲಿ ದ್ರವದ ಬದಲು ಗಾಳಿ ಇರುತ್ತದೆ. ಗಾಳಿ ಸ್ಪಂಜಿನ ಹಾಗೆ, ಒತ್ತಿದರೆ ಸುಮ್ನೆ ಕುಗ್ಗುತ್ತದೆ. ಒಳ್ಳೆಯ ಪಂಪುಗಳಲ್ಲಿ ಮೇಲಿನ ವಾಲ್ವ್ ಒಂದು ಮಟ್ಟದ ಒತ್ತಡ ಬರುವ ತನಕ ಬಾಯಿ ತೆರೆಯುವುದೇ ಇಲ್ಲ. ಕುಗ್ಗಿದ ಗಾಳಿಗೆ ಅದನ್ನು ತೆರೆಯುವಷ್ಟು ಬಲ ಇರದೆ ಹೋಗಬಹುದು. ಅದಕ್ಕೆ ವಿನ್ಯಾಸ ಮಾಡುವವರು ಸಿಲಿಂಡರಿನ ತಳದಲ್ಲಿ ಒಂದು ಸಣ್ಣ ಏಣು ಇಡುತ್ತಾರೆ. ಪಿಸ್ಟನ್ ಪೂರ್ತಿ ಕೆಳಗೆ ಹೋದಾಗ ಅದರ ತುಟಿ ಆ ಏಣಿನ ಮೇಲೆ ಹತ್ತಿ ಒಂದಿಷ್ಟು ಸಂದು ಬಿಡುತ್ತದೆ, ಗಾಳಿ ಬಾಟಲಿಯೊಳಕ್ಕೆ ಜಾರಿಕೊಳ್ಳುತ್ತದೆ. ಇಂತಹ ಪಂಪನ್ನು ಅರ್ಧಂಬರ್ಧ ಒತ್ತಿದರೆ ತುಟಿ ಏಣು ಹತ್ತುವುದಿಲ್ಲ, ಗಾಳಿ ಹೋಗುವುದಿಲ್ಲ. ಹೊಸ ಬಾಟಲಿಯನ್ನು ಪೂರ್ತಿ ಒತ್ತಿ, ಪೂರ್ತಿ ಬಿಡಿ.

ಪ್ರಶ್ನೆ: ಮೂಗಿನ ಸ್ಪ್ರೇಯನ್ನು ಅರ್ಧ ಒತ್ತಿದರೆ ಅರ್ಧ ಔಷಧ ಬರುತ್ತದಾ?

ಇಲ್ಲ, ಹಾಗೆ ಮಾಡಬೇಡಿ. ಹೆಚ್ಚಿನ ಮೂಗಿನ ಪಂಪುಗಳು ಒಂದು ಪೂರ್ತಿ ಒತ್ತಿಗೆ ಸುಮಾರು 0.1 ಮಿಲಿಲೀಟರ್ ಕೊಡುವಂತೆ ಮಾಡಿದವು. ಅರ್ಧ ಒತ್ತಿದರೆ ಎಷ್ಟು ಬಂತು ಎಂದು ಯಾರಿಗೂ ಗೊತ್ತಾಗುವುದಿಲ್ಲ, ಹನಿಯೂ ದಪ್ಪವಾಗಿ ಕೆಳಗೆ ಸೋರಬಹುದು. ಔಷಧದ ಪ್ರಮಾಣ ಕಡಿಮೆ ಮಾಡಬೇಕಾದರೆ ವೈದ್ಯರನ್ನು ಕೇಳಿ.

ಪ್ರಶ್ನೆ: ಹನಿ ಇನ್ನೂ ಸಣ್ಣದು ಮಾಡಿದರೆ ಇನ್ನೂ ಒಳ್ಳೆಯದಲ್ವಾ? ಒಂದು ಒತ್ತಿನಲ್ಲಿ ಎಷ್ಟು ಹನಿ ಬರುತ್ತವೆ? (ಕಾಲೇಜು ವಿದ್ಯಾರ್ಥಿ)

ಎರಡನೆಯದಕ್ಕೆ ಮೊದಲು ಉತ್ತರ. ಟ್ರಿಗರ್ ಒಂದು ಒತ್ತಿಗೆ ಸುಮಾರು 1 ಮಿಲಿಲೀಟರ್ ಕೊಡುತ್ತದೆ ಎಂದಿಟ್ಟುಕೊಳ್ಳಿ. ಎಲ್ಲ ಹನಿಗಳೂ 0.1 ಮಿಲಿಮೀಟರ್ ಆಗಿದ್ದರೆ 19 ಲಕ್ಷ ಹನಿ! ಆ 1 ಮಿಲಿಲೀಟರ್ ಒಂದೇ ಗುಂಡಾಗಿದ್ದಾಗ ಅದರ ಮೇಲ್ಮೈ 5 ಚದರ ಸೆಂಟಿಮೀಟರಿಗಿಂತ ಕಡಿಮೆ. ಒಡೆದ ಮೇಲೆ 600 ಚದರ ಸೆಂಟಿಮೀಟರ್. ಈ ಹೊಸ ಮೇಲ್ಮೈ ಮಾಡಲು ಬೇಕಾದ ಶಕ್ತಿ ಬರೀ 0.004 ಜೌಲ್. ನಿಮ್ಮ ಬೆರಳು ಹಾಕುವುದು ಅದರ ಹತ್ತಾರು ಪಟ್ಟು. ಉಳಿದದ್ದು ಎಲ್ಲಿ ಹೋಯಿತು? ಸ್ಪ್ರಿಂಗ್ ಕುಗ್ಗಿಸುವುದಕ್ಕೆ, ಉಜ್ಜುವಿಕೆಗೆ, ನೀರನ್ನು ಓಡಿಸುವುದಕ್ಕೆ. ನನ್ನ ಮಟ್ಟಿಗೆ ಈ ಲೆಕ್ಕ ತುಂಬಾ ದೊಡ್ಡದು. ಪಂಪು ಮಾಡುವವರು ಇನ್ನೂ ಉಳಿಸಬಹುದಾದದ್ದು ಬೇಕಾದಷ್ಟಿದೆ ಎಂದು ಇದು ಹೇಳುತ್ತದೆ.

ಇನ್ನು ಸಣ್ಣ ಹನಿ. 0.1 ಮಿಲಿಮೀಟರ್ ಹನಿ ನಿಂತ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 25 ಸೆಂಟಿಮೀಟರ್ ಇಳಿಯುತ್ತದೆ. 0.01 ಮಿಲಿಮೀಟರ್ ಹನಿ ಬರೀ 3 ಮಿಲಿಮೀಟರ್. ಎದೆಯೆತ್ತರದಿಂದ ಮೊದಲನೆಯದು ಐದಾರು ಸೆಕೆಂಡಿನಲ್ಲಿ ನೆಲ ಸೇರಿದರೆ, ಎರಡನೆಯದು ಆವಿಯಾಗದೆ ಉಳಿದರೆ ಏಳೆಂಟು ನಿಮಿಷ ತೇಲುತ್ತಿರುತ್ತದೆ. ಅಷ್ಟು ಹೊತ್ತು ನೀವು ಅದನ್ನು ಉಸಿರಾಡುತ್ತೀರಿ, ಮತ್ತು ಆ ಗಾತ್ರದ ಹನಿ ಶ್ವಾಸಕೋಶದ ಆಳಕ್ಕೆ ಹೋಗಬಲ್ಲದು. ನೆಲ ಒರೆಸುವ ದ್ರಾವಣ, ಗಿಡದ ಔಷಧ ಇಂಥವಕ್ಕೆ ದಪ್ಪ ಹನಿಯೇ ಸುರಕ್ಷಿತ. ಗುರಿ ಇಟ್ಟ ಕಡೆ ಬೀಳುತ್ತದೆ, ಗಾಳಿಗೆ ಹಾರುವುದಿಲ್ಲ.

ಪ್ರಶ್ನೆ: ಟ್ರಿಗರ್ ಬಾಟಲಿ ಮಲಗಿಸಿದರೆ ಸೋರುವುದಿಲ್ಲ. ಹಾಗಾದರೆ ಒಳಗೆ ಗಾಳಿ ಹೇಗೆ ಹೋಗುತ್ತದೆ?

ಒಳ್ಳೆಯ ಗಮನ. ನೀರು ಹೊರಗೆ ಹೋದಷ್ಟು ಗಾಳಿ ಒಳಗೆ ಬರಲೇಬೇಕು. ಇಲ್ಲದಿದ್ದರೆ ಬಾಟಲಿಯ ಹೊಟ್ಟೆ ಒಳಕ್ಕೆ ಹೋಗುತ್ತದೆ, ಕೊನೆಗೆ ಪಂಪು ಎಳೆಯುವುದನ್ನೇ ನಿಲ್ಲಿಸುತ್ತದೆ. ಅದಕ್ಕೆ ಸಿಲಿಂಡರಿನ ಗೋಡೆಯಲ್ಲಿ ಒಂದು ಚಿಕ್ಕ ಗಾಳಿಕಿಂಡಿ ಇದೆ. ಟ್ರಿಗರ್ ಬಿಟ್ಟಾಗ ಪಿಸ್ಟನ್ನಿನ ತುಟಿ ಅದನ್ನು ಮುಚ್ಚಿರುತ್ತದೆ. ಒತ್ತಿದಾಗ ಪಿಸ್ಟನ್ ಸರಿದು ಕಿಂಡಿ ತೆರೆಯುತ್ತದೆ, ಗಾಳಿ ಒಳಗೆ ಹೋಗುತ್ತದೆ. ಬೇರೆ ವಾಲ್ವ್ ಇಲ್ಲ, ಬೇರೆ ಭಾಗ ಇಲ್ಲ. ಇದನ್ನು ಮೊದಲ ಸಲ ನಕ್ಷೆಯಲ್ಲಿ ನೋಡಿದ ದಿನ ಇಷ್ಟು ಸರಳವಾಗಿಯೂ ಮಾಡಬಹುದಾ ಅನಿಸಿತ್ತು. ನಿಮ್ಮ ಬಾಟಲಿ ಒತ್ತಿದ ಹಾಗೆಲ್ಲ ಸೊಟ್ಟಗಾದರೆ ಈ ಕಿಂಡಿ ಕಟ್ಟಿದೆ ಎಂದರ್ಥ.

ಪ್ರಶ್ನೆ: ಹಳೆಯ ಕಾಲದ ರಬ್ಬರ್ ಬುಗ್ಗೆಯ ಸೆಂಟ್ ಬಾಟಲಿಯಲ್ಲೂ ಇದೇ ಸುಳಿ ಇದೆಯಾ?

ಇಲ್ಲ. ಅಲ್ಲಿ ಒಡೆಯುವ ಕೆಲಸ ಗಾಳಿಯದ್ದು. ಅಮೆರಿಕದ ಓಹಾಯೋದ ಟೊಲೆಡೊ ಊರಿನ ವೈದ್ಯ ಆಲೆನ್ ಡಿವಿಲ್ಬಿಸ್ 1880ರ ದಶಕದಲ್ಲಿ ಗಂಟಲಿಗೆ ಔಷಧ ಸಿಂಪಡಿಸಲು ಬುಗ್ಗೆಯ ಅಟೊಮೈಜರ್ ಮಾಡಿದರು. ಸೆಂಟ್ ಬಾಟಲಿಗೆ ಅದು ಬಂದದ್ದು ಆಮೇಲೆ, ಅವರ ಮಗನ ಕಾಲದಲ್ಲಿ. ಬುಗ್ಗೆ ಹಿಸುಕಿದರೆ ಗಾಳಿ ರಭಸದಿಂದ ಕೊಳವೆಯ ತುದಿಯನ್ನು ದಾಟುತ್ತದೆ, ಅಲ್ಲಿ ಒತ್ತಡ ಇಳಿದು ದ್ರವ ಮೇಲೇರುತ್ತದೆ, ಗಾಳಿ ಅದನ್ನು ಚೂರುಚೂರು ಮಾಡುತ್ತದೆ. "ಗಾಳಿ ವೇಗವಾದರೆ ಒತ್ತಡ ಕಡಿಮೆ" ಎಂದು ಒಂದೇ ಮಾತಿನಲ್ಲಿ ಮುಗಿಸುವುದುಂಟು. ಬರೀ ಬಯಲಿಗೆ ಊದಿದ ಗಾಳಿಯ ಒತ್ತಡ ಸುತ್ತಲಿನಷ್ಟೇ ಇರುತ್ತದೆ. ಕೊಳವೆಯ ತುದಿ ದಾರಿಗೆ ಅಡ್ಡ ಬಂದು ಗಾಳಿ ಅದನ್ನು ಬಳಸಿ ಬಾಗಬೇಕಾದಾಗ ಅಲ್ಲಿ ಒತ್ತಡ ಇಳಿಯುತ್ತದೆ. ಕೆಲವು ಬಾಟಲಿಗಳಲ್ಲಿ ಬುಗ್ಗೆಯ ಗಾಳಿ ಒಳಗೂ ನುಗ್ಗಿ ದ್ರವವನ್ನು ಕೆಳಗಿನಿಂದ ತಳ್ಳುತ್ತದೆ. ಮಂಜು ಬಲು ನಯ. ಆದರೆ ಬಾಯಿ ಬಿಗಿಯಾಗಿ ಮುಚ್ಚಿರುವುದಿಲ್ಲ, ಸೆಂಟು ಆವಿಯಾಗಿ ಹೋಗುತ್ತದೆ.

ಪ್ರಶ್ನೆ: ಖಾಲಿಯಾದ ಬಾಟಲಿಗೆ ಎಣ್ಣೆ ತುಂಬಿದೆ. ಧಾರೆ ಮಾತ್ರ ಬರುತ್ತದೆ.

ಎಣ್ಣೆ ನೀರಿಗಿಂತ ಹತ್ತಾರು ಪಟ್ಟು ಮಂದ. ಗೀರುಗಳಲ್ಲೇ ಅದರ ವೇಗ ಸತ್ತುಹೋಗುತ್ತದೆ, ಸುಳಿ ಏಳುವುದಿಲ್ಲ. ಸುಳಿ ಇಲ್ಲದಿದ್ದರೆ ಪೊರೆ ಇಲ್ಲ. ಎಣ್ಣೆಗೆಂದೇ ಮಾಡಿದ ಪಂಪು ಕೊಳ್ಳಿ. ಮೊದಲು ರಾಸಾಯನಿಕ ಇದ್ದ ಬಾಟಲಿಯನ್ನು ತಿನ್ನುವ ಎಣ್ಣೆಗೆ ಬಳಸಬೇಡಿ, ಬೆಂಕಿಯ ಹತ್ತಿರ ಎಣ್ಣೆ ಸಿಂಪಡಿಸಬೇಡಿ.

ಪ್ರಶ್ನೆ: ನನ್ನ ಅಮ್ಮನಿಗೆ ಬೆರಳ ಸಂಧಿ ನೋವು. ಗಿಡಗಳಿಗೆ ನೀರು ಸಿಂಪಡಿಸುವುದು ಅವರಿಗೆ ತುಂಬಾ ಇಷ್ಟ, ಈಗ ಟ್ರಿಗರ್ ಒತ್ತಲು ಆಗುತ್ತಿಲ್ಲ. ಹಗುರವಾದ ಪಂಪು ಮಾಡಲು ಯಾಕೆ ಆಗುವುದಿಲ್ಲ?

ಈ ಪತ್ರವನ್ನು ನಾನು ಮೂರು ಸಲ ಓದಿದೆ. ಹಗುರವಾದ ಪಂಪು ಮಾಡಲು ಆಗುತ್ತದೆ. ನಾವು ಮಾಡುವವರು ಈ ಕೈಗಳನ್ನು ನೆನಪಿನಲ್ಲಿ ಇಟ್ಟುಕೊಳ್ಳುವುದು ಕಡಿಮೆ, ಅದು ನನಗೆ ಇವತ್ತಿಗೂ ಬೇಸರದ ವಿಷಯ.

ಲೆಕ್ಕ ಸರಳ. ಪಿಸ್ಟನ್ನಿನ ಮೇಲೆ ಬೀಳುವ ಬಲ ಅಂದರೆ ಒತ್ತಡ ಮತ್ತು ಪಿಸ್ಟನ್ನಿನ ವಿಸ್ತೀರ್ಣದ ಗುಣಲಬ್ಧ. 12 ಮಿಲಿಮೀಟರ್ ಪಿಸ್ಟನ್, 3 ಬಾರ್ ಒತ್ತಡ ಎಂದರೆ ಸುಮಾರು 34 ನ್ಯೂಟನ್, ಮೂರೂವರೆ ಕಿಲೋ ತೂಕ ಎತ್ತಿದಷ್ಟು. ಟ್ರಿಗರಿನ ಸನ್ನೆ ಅದನ್ನು ಅರ್ಧ ಮಾಡಿತು ಎನ್ನಿ. ಅದರ ಮೇಲೆ ಸ್ಪ್ರಿಂಗಿನ ಬಲ ಬೇರೆ. ಪಿಸ್ಟನ್ನನ್ನು 10 ಮಿಲಿಮೀಟರಿಗೆ ಇಳಿಸಿದರೆ ಬಲ ನೂರಕ್ಕೆ 30ರಷ್ಟು ಕಡಿಮೆ. ಒಂದೊಂದು ಒತ್ತಿಗೆ ಬರುವ ನೀರೂ ಅಷ್ಟೇ ಕಡಿಮೆ, ಒತ್ತುಗಳು ಜಾಸ್ತಿ ಬೇಕು. ಸಂಧಿ ನೋವಿದ್ದವರಿಗೆ ಜಾಸ್ತಿ ಸಲ ಒತ್ತುವುದೂ ಕಷ್ಟ. ಹಾಗಾಗಿ ಪಿಸ್ಟನ್ ಕಿರಿದು ಮಾಡುವುದಷ್ಟೇ ಪರಿಹಾರ ಅಲ್ಲ.

ಅಮ್ಮನಿಗೆ ನಾನು ಹೇಳುವುದು ಬೇರೆ ಜಾತಿಯ ಬಾಟಲಿ. ಮೇಲೆ ಹಿಡಿ ಇರುವ, ಮೊದಲೇ ಗಾಳಿ ತುಂಬಿಡುವ 1 ಲೀಟರಿನ ಸ್ಪ್ರೇಯರ್ ನೋಡಿ. ಹಿಡಿಯನ್ನು ನೀವು ಬೆಳಿಗ್ಗೆ ಹತ್ತು ಹದಿನೈದು ಸಲ ಒತ್ತಿ ಗಾಳಿ ತುಂಬಿಕೊಡಿ. ಅಮ್ಮ ಹೆಬ್ಬೆರಳಲ್ಲಿ ಒಂದು ಗುಂಡಿ ಅದುಮಿದರೆ ಸಾಕು, ಒಂದೇ ಸಮನೆ ಮಂಜು ಬರುತ್ತದೆ. ಬಾಟಲಿಯನ್ನು ಮುಕ್ಕಾಲು ಮಾತ್ರ ತುಂಬಿ. ಮೇಲಿನ ಗಾಳಿಯೇ ಅದರ ಸ್ಪ್ರಿಂಗ್, ಗಾಳಿಗೆ ಜಾಗ ಇಲ್ಲದಿದ್ದರೆ ಒತ್ತಡ ಬೇಗ ಇಳಿದುಹೋಗುತ್ತದೆ. ಹೆಚ್ಚಿನ ಒತ್ತಡ ಬಿಡುವ ಸುರಕ್ಷತಾ ವಾಲ್ವ್ ಇದೆಯೇ ನೋಡಿಕೊಂಡೇ ಕೊಳ್ಳಿ. ತೂಕ ಜಾಸ್ತಿ ಅನಿಸಿದರೆ ಅರ್ಧ ಲೀಟರ್ ಮಾತ್ರ ನೀರು ಹಾಕಿ.

ಟ್ರಿಗರೇ ಬೇಕೆಂದರೆ, ನಾಲ್ಕೂ ಬೆರಳು ಕೂರುವಷ್ಟು ಉದ್ದದ ಟ್ರಿಗರ್ ಹುಡುಕಿ. ಸನ್ನೆ ಉದ್ದವಾದಷ್ಟೂ ಬಲ ಕಡಿಮೆ ಸಾಕು, ನೋವೂ ಒಂದೇ ಬೆರಳಿಗೆ ಬೀಳುವುದಿಲ್ಲ. ಅಂಗಡಿಯಲ್ಲಿ ಖಾಲಿ ಬಾಟಲಿ ಒತ್ತಿ ನೋಡಿ ನಿರ್ಧರಿಸಬೇಡಿ. ಒಳಗೆ ಬರೀ ಗಾಳಿ ಇದ್ದಾಗ ಎಲ್ಲ ಪಂಪೂ ಹಗುರ. ನೀರು ತುಂಬಿಸಿಕೊಂಡು, ಸ್ಪ್ರೇ ಬರಲು ಶುರುವಾದ ಮೇಲೆ, ಅಮ್ಮನ ಕೈಗೇ ಕೊಟ್ಟು ಹತ್ತು ಸಲ ಒತ್ತಿಸಿ. ಯಾವುದು ಒಗ್ಗಿತು, ಎಷ್ಟನೆಯ ಒತ್ತಿಗೆ ನೋವು ಶುರುವಾಯಿತು ಎಂದು ನನಗೆ ಬರೆಯಿರಿ. ಪಂಪ್ ಅಚ್ಚಿನ ಕೆಲಸದಲ್ಲಿ ಈಗಲೂ ಇರುವ ನನ್ನ ಹಳೆಯ ಜೊತೆಗಾರರಿಗೆ ಆ ಪತ್ರ ತಲುಪಿಸುತ್ತೇನೆ.